ಒಲೆ ಮುಂದೆ ನಿಲ್ಲದೆ ಬಿಸಿ ಓಟ್ಸ್ ಗಂಜಿ

ಓಟ್ಸ್ ಬಗ್ಗೆ ಓದುಗರು ಕೇಳುವುದೆಲ್ಲ ಸುತ್ತಿ ಬಳಸಿ ಒಂದೇ ಪ್ರಶ್ನೆಗೆ ಬಂದು ನಿಲ್ಲುತ್ತದೆ: ಬೆಳಿಗ್ಗೆ ಪುರುಸೊತ್ತಿಲ್ಲ, ಆದರೂ ಬಿಸಿಬಿಸಿಯಾಗಿ ಬೇಕು, ಏನು ಮಾಡಲಿ? ಜೊತೆಗೆ ಬರುವ ದೂರುಗಳೂ ಅವೇ. ಅಂಟಂಟಾಗುತ್ತದೆ, ಉಕ್ಕಿ ಒಲೆಯೆಲ್ಲ ಗಲೀಜಾಗುತ್ತದೆ, ತಳ ಹಿಡಿಯುತ್ತದೆ, ಮಾಡುವುದಕ್ಕಿಂತ ಪಾತ್ರೆ ತಿಕ್ಕುವುದೇ ದೊಡ್ಡ ಕೆಲಸವಾಗುತ್ತದೆ.

ಹೆಚ್ಚಿನವರು ಇದಕ್ಕೆ ಕಂಡುಕೊಳ್ಳುವ ಉಪಾಯ ಒಂದು ನಿಮಿಷದಲ್ಲಿ ಬೇಯುವ ಪೊಟ್ಟಣ ತರುವುದು. ನನಗೆ ಅದು ಒಪ್ಪುವುದಿಲ್ಲ. ಓಟ್ಸ್ ಬೇಯಲು ಹತ್ತು ನಿಮಿಷ ಹಿಡಿದರೆ ಯಾರ ಗಂಟೇನೂ ಹೋಗುವುದಿಲ್ಲ. ಆ ಹತ್ತು ನಿಮಿಷವೂ ಸೌಟು ಹಿಡಿದು ಒಲೆ ಕಾಯಬೇಕಲ್ಲ, ಕಷ್ಟ ಇರುವುದು ಅಲ್ಲಿ. ನಿಲ್ಲುವುದು, ಕಲಕುತ್ತಲೇ ಇರುವುದು, ಆಮೇಲೆ ತಿಕ್ಕುವುದು. ಈ ಮೂರನ್ನು ಕಳೆದರೆ ಉಳಿಯುವ ಕೆಲಸ ಎರಡು ಮೂರು ನಿಮಿಷದ್ದು. ಕೆಳಗಿನ ಕ್ರಮ ಅಷ್ಟನ್ನೇ ಮಾಡುತ್ತದೆ.

ಮೊದಲು ಪೊಟ್ಟಣದ ಹೆಸರು ಓದಿ

ಓಟ್ಸ್ ಕೆಡುವ ಅಡುಗೆಗಳಲ್ಲಿ ಅರ್ಧಕ್ಕರ್ಧ ಕೆಡುವುದು ಇಲ್ಲೇ. ಒಂದು ಬಗೆಯ ಓಟ್ಸ್ ತಂದು ಇನ್ನೊಂದು ಬಗೆಯ ಅಳತೆ ಹಾಕಿರುತ್ತೇವೆ. ಎಲ್ಲವೂ ಒಂದೇ ಧಾನ್ಯ, ಕತ್ತರಿಸಿದ, ಒತ್ತಿದ ರೀತಿ ಮಾತ್ರ ಬೇರೆ.

ಸಿಪ್ಪೆ ತೆಗೆದ ಇಡೀ ಕಾಳಿಗೆ ಗ್ರೋಟ್ಸ್ ಎನ್ನುತ್ತಾರೆ. ಬೇಯಲು ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಬೇಕು, ಬೆಳಗಿನ ಆತುರಕ್ಕೆ ಅದು ಆಗದ ಮಾತು. ಅದೇ ಕಾಳನ್ನು ಎರಡು ಮೂರು ತುಂಡಾಗಿ ಕತ್ತರಿಸಿದರೆ ಸ್ಟೀಲ್ ಕಟ್ ಓಟ್ಸ್. ನೋಡಲು ನುಚ್ಚಿನ ಹಾಗೆ, ಬೇಯಲು ಇಪ್ಪತ್ತರಿಂದ ಮೂವತ್ತು ನಿಮಿಷ, ಬೆಂದ ಮೇಲೂ ಹಲ್ಲಿಗೆ ಸಿಗುತ್ತದೆ. ಇಡೀ ಕಾಳನ್ನು ಹಬೆಯಲ್ಲಿ ಮೆತ್ತಗೆ ಮಾಡಿ ಉರುಳೆಗಳ ನಡುವೆ ಚಪ್ಪಟೆ ಒತ್ತಿದ್ದು ರೋಲ್ಡ್ ಓಟ್ಸ್, ಐದರಿಂದ ಹತ್ತು ನಿಮಿಷ. ತುಂಡರಿಸಿ ಇನ್ನೂ ತೆಳ್ಳಗೆ ಒತ್ತಿದರೆ ಕ್ವಿಕ್ ಓಟ್ಸ್, ಒಂದೆರಡು ನಿಮಿಷ. ಮೊದಲೇ ಬೇಯಿಸಿ ಒಣಗಿಸಿದ್ದು ಇನ್‌ಸ್ಟಂಟ್, ಬಿಸಿ ನೀರು ಸುರಿದರೆ ಮುಗಿಯಿತು. ಸಕ್ಕರೆ, ಉಪ್ಪು, ಸುವಾಸನೆ ಸೇರಿಸಿದ ಚಿಕ್ಕ ಪೊಟ್ಟಣಗಳಲ್ಲಿ ಸಾಮಾನ್ಯವಾಗಿ ಇರುವುದು ಈ ಕೊನೆಯ ಬಗೆ. ಕೊಳ್ಳುವ ಮುಂಚೆ ಹಿಂಬದಿಯ ಪಟ್ಟಿಯಲ್ಲಿ ಸಕ್ಕರೆ ಎಷ್ಟನೆಯ ಸಾಲಿನಲ್ಲಿದೆ ನೋಡಿ.

ಶ್ರಮ ಕಡಿಮೆ, ರುಚಿಯೂ ಬೇಕು ಎನ್ನುವವರಿಗೆ ರೋಲ್ಡ್ ಓಟ್ಸೇ ಸರಿ. ಮುಂದಿನ ಮುಖ್ಯ ಕ್ರಮವೂ ಅದಕ್ಕೇ.

ಒಂದು ಗುಟ್ಟು ತಿಳಿದಿರಲಿ. ಅಂಗಡಿಯಲ್ಲಿ ಸಿಗುವ ಓಟ್ಸ್ ಪೂರ್ತಿ ಹಸಿ ಧಾನ್ಯವಲ್ಲ. ಬೇರೆ ಧಾನ್ಯಗಳಿಗಿಂತ ಇದರಲ್ಲಿ ಕೊಬ್ಬು ಹೆಚ್ಚು. ಗೋಧಿಯಲ್ಲಿ ಶೇಕಡಾ 2ರ ಆಸುಪಾಸು ಇದ್ದರೆ ಓಟ್ಸ್‌ನಲ್ಲಿ ಸುಮಾರು 7. ಆ ಕೊಬ್ಬನ್ನು ಒಡೆಯುವ ಲೈಪೇಸ್ ಎಂಬ ಕಿಣ್ವವೂ ಕಾಳಿನಲ್ಲೇ ಇರುತ್ತದೆ. ಹಾಗೇ ಬಿಟ್ಟರೆ ಕಾಳು ಬೇಗ ಕಹಿಯಾಗುತ್ತದೆ. ಅದಕ್ಕಾಗಿ ಗಿರಣಿಯಲ್ಲೇ ಹಬೆ ಹಾಯಿಸಿ ಕಿಣ್ವದ ಆಟ ನಿಲ್ಲಿಸುತ್ತಾರೆ. ರೋಲ್ಡ್ ಓಟ್ಸ್‌ಗೆ ಒತ್ತುವ ಮುಂಚೆ ಮತ್ತೊಮ್ಮೆ ಹಬೆ. ಹೀಗೆ ನಿಮ್ಮ ಮನೆಗೆ ಬರುವ ಹೊತ್ತಿಗೆ ಅದು ಅರ್ಧ ಬೆಂದೇ ಬಂದಿರುತ್ತದೆ. ಒಲೆ ಆರಿಸಿ ಮುಚ್ಚಿಟ್ಟರೂ ಬೇಯುವುದು ಈ ಕಾರಣಕ್ಕೆ.

ಬೇಕಾಗುವುದು, ಒಬ್ಬರಿಗೆ

ಅರ್ಧ ಕಪ್ ರೋಲ್ಡ್ ಓಟ್ಸ್, ತೂಕದಲ್ಲಿ ಸುಮಾರು 40 ಗ್ರಾಂ. ಒಂದು ಕಪ್ ನೀರು, ಅಂದರೆ 240 ಮಿಲಿಲೀಟರ್. ಎರಡು ಬೆರಳಲ್ಲಿ ಹಿಡಿದಷ್ಟು ಉಪ್ಪು. ಹಾಲು ಬೇಕೆಂದರೆ ಕಾಲು ಕಪ್, ಅದು ಕೊನೆಗೆ. ಬಿಗಿಯಾಗಿ ಕೂರುವ ಮುಚ್ಚಳದ, ದಪ್ಪ ತಳದ ಚಿಕ್ಕ ಪಾತ್ರೆ ಒಂದು.

ಅಳತೆ ಕಪ್ ಇಲ್ಲದಿದ್ದರೆ ಚಿಂತೆ ಬೇಡ. ಯಾವುದೋ ಒಂದು ಲೋಟ ಗೊತ್ತು ಮಾಡಿಕೊಳ್ಳಿ, ಓಟ್ಸ್ ಒಂದು ಪಾಲು, ನೀರು ಎರಡು ಪಾಲು. ಮುಖ್ಯವಾದ ಸಂಗತಿ, ಎರಡನ್ನೂ ಅದೇ ಲೋಟದಲ್ಲೇ ಅಳೆಯಬೇಕು, ದಿನವೂ ಅದೇ ಲೋಟ ಇರಬೇಕು. ಲೋಟವನ್ನು ಓಟ್ಸ್ ಡಬ್ಬಿಯೊಳಗೇ ಇಟ್ಟುಬಿಡಿ. ಕಣ್ಣಳತೆಯಲ್ಲಿ ಹಾಕುವವರಿಗೆ ಒಂದು ದಿನ ಕಲ್ಲು, ಇನ್ನೊಂದು ದಿನ ನೀರು.

ಮುಚ್ಚಿಟ್ಟು ಬೇಯಿಸುವ ಕ್ರಮ

1. ರಾತ್ರಿ ಮಲಗುವ ಮುಂಚೆ ಓಟ್ಸ್ ಅಳೆದು ಒಂದು ಬಟ್ಟಲಿಗೆ ಹಾಕಿಡಿ, ಪಾತ್ರೆ ಮುಚ್ಚಳ ಒಲೆ ಪಕ್ಕದಲ್ಲಿರಲಿ. ಅರ್ಧ ನಿಮಿಷದ ಕೆಲಸ. ನಿದ್ದೆಗಣ್ಣಿನಲ್ಲಿ ಡಬ್ಬಿ ಹುಡುಕುವ ಪಾಡು ತಪ್ಪುತ್ತದೆ.

2. ಬೆಳಿಗ್ಗೆ ನೀರು, ಉಪ್ಪು ಪಾತ್ರೆಗೆ ಹಾಕಿ, ಮುಚ್ಚಿ, ಜೋರು ಉರಿಯಲ್ಲಿಡಿ. ಉಪ್ಪು ಈಗಲೇ ಬೀಳಬೇಕು. ಬೆಂದ ಮೇಲೆ ಹಾಕಿದರೆ ಮೇಲುಮೇಲೆ ಉಪ್ಪುಪ್ಪು, ಒಳಗೆ ಸಪ್ಪೆ. ಸಿಹಿ ಗಂಜಿಗೂ ಚಿಟಿಕೆ ಉಪ್ಪು ಬೇಕೇ ಬೇಕು, ಅದಿಲ್ಲದಿದ್ದರೆ ಎಷ್ಟು ಸಕ್ಕರೆ ಸುರಿದರೂ ರಟ್ಟು ತಿಂದ ಹಾಗಿರುತ್ತದೆ.

3. ನೀರು ಕೊತಕೊತ ಕುದಿಯುವಾಗ ಓಟ್ಸ್ ಸುರಿದು ಒಮ್ಮೆ ಕಲಕಿ. ಒಮ್ಮೆ ಮಾತ್ರ. ಗಂಟು ಬಿಡಿಸುವುದಷ್ಟೇ ಈ ಕಲಕುವಿಕೆಯ ಕೆಲಸ.

4. ಉರಿ ಸಣ್ಣಗೆ ಮಾಡಿ. ಮತ್ತೆ ಕುದಿ ಹತ್ತಿದ ಮೇಲೆ ಒಂದು ನಿಮಿಷ ಬಿಡಿ. ಇಡೀ ಕ್ರಮದಲ್ಲಿ ಒಲೆ ಬಿಟ್ಟು ಕದಲಬಾರದ ನಿಮಿಷ ಇದೊಂದೇ. ಓಟ್ಸ್ ಉಕ್ಕುವುದಾದರೆ ಈಗಲೇ ಉಕ್ಕುವುದು, ಮುಚ್ಚಳ ಹಾಕಿಯೇ ಬಿಟ್ಟಿದ್ದರೆ ಖಂಡಿತ ಉಕ್ಕುತ್ತದೆ. ಆದ್ದರಿಂದ ಈ ನಿಮಿಷ ಮುಚ್ಚಳ ತೆಗೆದಿರಲಿ.

5. ಒಲೆ ಆರಿಸಿ, ಮುಚ್ಚಿ, ಏಳೆಂಟು ನಿಮಿಷ ಅದರ ಪಾಡಿಗೆ ಬಿಡಿ. ನೀವು ಸ್ನಾನಕ್ಕೋ ಬಟ್ಟೆ ಹಾಕಿಕೊಳ್ಳುವುದಕ್ಕೋ ಹೋಗಬಹುದು. ನಡುವೆ ಮುಚ್ಚಳ ತೆಗೆದು ಇಣುಕಬೇಡಿ, ಬೇಯಿಸುತ್ತಿರುವುದು ಒಳಗಿನ ಬಿಸಿಯೇ.

6. ಬಂದು ತೆರೆದಾಗ ಮೇಲೆ ಸ್ವಲ್ಪ ನೀರು ನಿಂತಂತೆ ಕಂಡರೆ ಗಾಬರಿ ಬೇಡ. ಒಂದು ಸಲ ಕಲಕಿದರೆ ಸೇರಿಕೊಳ್ಳುತ್ತದೆ. ಹಾಲು ಹಾಕುವುದಿದ್ದರೆ ಬಿಸಿ ಮಾಡಿದ ಹಾಲನ್ನು ಈಗ ಸೇರಿಸಿ. ಫ್ರಿಜ್‌ನಿಂದ ತೆಗೆದ ತಣ್ಣನೆಯ ಹಾಲು ಸುರಿದರೆ ಇಷ್ಟು ಹೊತ್ತು ಕಾಪಾಡಿದ ಬಿಸಿ ಒಂದೇ ಗುಟುಕಿಗೆ ಹೋಗುತ್ತದೆ.

7. ಬಟ್ಟಲಿಗೆ ಬಗ್ಗಿಸಿದ ಕೂಡಲೇ ಖಾಲಿ ಪಾತ್ರೆಗೆ ತಣ್ಣೀರು ತುಂಬಿಸಿ. ತಿಂದಾದ ಮೇಲೆ ಅಲ್ಲ, ತಿನ್ನುವ ಮುಂಚೆ. ಒಣಗಿದ ಓಟ್ಸ್ ಅಂಟು ಗೋಂದಿನ ತಮ್ಮ. ತಣ್ಣೀರಿನಲ್ಲಿ ನೆನೆದರೆ ಪದರವಾಗಿ ಎದ್ದು ಬರುತ್ತದೆ. ಬಿಸಿ ನೀರು ಹಾಕಿದರೆ ಪಿಷ್ಟ, ಅಂದರೆ ಗಂಜಿಯ ಅಂಶ, ಇನ್ನಷ್ಟು ಅಂಟಾಗಿ ತಿಕ್ಕುವ ನಾರಿಗೂ ಮೆತ್ತಿಕೊಳ್ಳುತ್ತದೆ.

ಕ್ವಿಕ್ ಓಟ್ಸ್ ಆದರೆ ನಾಲ್ಕನೆಯ ಹೆಜ್ಜೆ ಬೇಡ. ಕುದಿಯುವ ನೀರಿಗೆ ಹಾಕಿ, ಕಲಕಿ, ಆಗಲೇ ಒಲೆ ಆರಿಸಿ ಮೂರು ನಿಮಿಷ ಮುಚ್ಚಿಡಿ.

ಎಡವುವುದು ಎಲ್ಲಿ

ಅಂಟಂಟಾಗುವುದಕ್ಕೆ ಮುಖ್ಯ ಕಾರಣ ಕೈ ಸುಮ್ಮನಿರದಿರುವುದು. ಓಟ್ಸ್ ಒಳಗಿನ ಪಿಷ್ಟ ಸುಮಾರು 60 ಡಿಗ್ರಿ ಸೆಲ್ಸಿಯಸ್ ಆಸುಪಾಸು ನೀರು ಕುಡಿದು ಊದಲು ಶುರು ಮಾಡುತ್ತದೆ. ಬೀಟಾ ಗ್ಲೂಕನ್ ಎಂಬ ಕರಗುವ ನಾರಿನಂಶವೂ ನೀರಿಗಿಳಿದು ಲೋಳೆಯಾಗುತ್ತದೆ. ಕಲಕಿದಷ್ಟೂ ಕಾಳಿನ ಅಂಚು ಸವೆದು ಎರಡೂ ಹೆಚ್ಚು ಹೊರಬರುತ್ತವೆ. ನುಣ್ಣನೆಯ ಕೆನೆಯಂಥ ಗಂಜಿ ಬೇಕೆನ್ನುವವರಿಗೆ ಇದೇ ಬೇಕಾದದ್ದು. ಅವರು ತಣ್ಣೀರಿನಲ್ಲೇ ಓಟ್ಸ್ ಹಾಕಿ ಒಲೆಗಿಡಲಿ, ನಡುನಡುವೆ ಕಲಕಲಿ. ಬಿಡಿಬಿಡಿಯಾಗಿ ಬಾಯಿಗೆ ಸಿಗಬೇಕೆನ್ನುವವರು ಕುದಿಯುವ ನೀರಿಗೆ ಹಾಕಿ ಕೈ ಕಟ್ಟಿ ಕೂರಬೇಕು. ಅದೇ ಡಬ್ಬಿ, ಅದೇ ಅಳತೆ, ಫಲ ಎರಡು ಥರ. ಸೋಮಾರಿಗಳಿಗೆ ಎರಡನೆಯದೇ ಲಾಭ.

ತಳ ಹಿಡಿಯುವುದಕ್ಕೆ ಹಾಲು ಕಾರಣ. ಹಾಲಿನ ಪ್ರೋಟೀನು, ಸಕ್ಕರೆ ತಳದಲ್ಲಿ ಕೂತು ಸೀಯುತ್ತವೆ, ಅದರ ಮೇಲೆ ಓಟ್ಸ್ ಮಂದವಾಗಿ ಕೂತರೆ ಕೇಳುವುದೇ ಬೇಡ. ಪೂರ್ತಿ ಹಾಲಿನಲ್ಲಿ ಬೇಯಿಸಿದರೆ ರುಚಿ ಹೆಚ್ಚು ಎನ್ನುವುದು ನಿಜವೇ, ಆದರೆ ಬಿಟ್ಟುಹೋಗುವಂತಿಲ್ಲ. ನೀರಿನಲ್ಲಿ ಬೇಯಿಸಿ ಕೊನೆಗೆ ಹಾಲು ಸೇರಿಸಿದರೆ ಮುಕ್ಕಾಲು ಪಾಲು ರುಚಿ ಸಿಗುತ್ತದೆ, ಸೀದ ವಾಸನೆ ಸಿಗುವುದಿಲ್ಲ.

ಇನ್ನು ಕೆಲವರಿಗೆ ಪಾತ್ರೆಯಲ್ಲಿದ್ದಾಗ ಸರಿಯಿದ್ದ ಗಂಜಿ ತಟ್ಟೆಗೆ ಬಂದು ಐದು ನಿಮಿಷಕ್ಕೆ ಮುದ್ದೆಗಟ್ಟುತ್ತದೆ. ಆರುತ್ತಾ ಹೋದಂತೆ ಅದು ಗಟ್ಟಿಯಾಗುವುದು ಸಹಜ. ಪಾತ್ರೆಯಲ್ಲಿ ನೋಡುವಾಗ ಬೇಕಾದದ್ದಕ್ಕಿಂತ ತುಸು ತೆಳ್ಳಗಿರುವಾಗಲೇ ಬಗ್ಗಿಸಿಕೊಳ್ಳಿ. ಈಗಾಗಲೇ ಗಟ್ಟಿಯಾಗಿದ್ದರೆ ಎರಡು ಚಮಚ ಬಿಸಿ ನೀರು ಹಾಕಿ ಕಲಕಿ, ಸರಿಹೋಗುತ್ತದೆ.

ಕಹಿ ಬಂದರೆ? ಬಣ್ಣ ಬಳಿದ ಕೋಣೆಯಂಥ ವಾಸನೆ, ನಾಲಗೆಯ ಹಿಂದೆ ಕಹಿ, ಇವೆರಡಿದ್ದರೆ ಡಬ್ಬಿಯ ಓಟ್ಸ್ ಹಳತಾಗಿ ಕೊಬ್ಬು ಕನರಿದೆ ಎಂದರ್ಥ. ಎಷ್ಟು ಬೇಯಿಸಿದರೂ ಅದು ಹೋಗುವುದಿಲ್ಲ, ಚೆಲ್ಲಿಬಿಡಿ. ಪೊಟ್ಟಣ ಒಡೆದ ಮೇಲೆ ಗಾಳಿಯಾಡದ ಡಬ್ಬಿಯಲ್ಲಿ, ಒಲೆಯ ಶಾಖ ತಾಗದ ಕಡೆ ಇಡಿ. ಒಲೆ ಮೇಲಿನ ಕಪಾಟು ಕೈಗೆ ಸಿಗುತ್ತದೆ ನಿಜ, ಓಟ್ಸ್‌ಗೆ ಮಾತ್ರ ಅದಕ್ಕಿಂತ ಕೆಟ್ಟ ಜಾಗವಿಲ್ಲ.

ಒಲೆಯೇ ಬೇಡ ಎನ್ನುವವರಿಗೆ: ಮೈಕ್ರೋವೇವ್

1. ಅದೇ ಅಳತೆ, ಅರ್ಧಕ್ಕೆ ಒಂದು. ಬಟ್ಟಲು ಮಾತ್ರ ದೊಡ್ಡದಿರಲಿ, ಓಟ್ಸ್ ನೀರು ಎರಡೂ ಸೇರಿ ಮೂರನೆಯ ಒಂದು ಭಾಗ ದಾಟಬಾರದು.

2. ಪೂರ್ತಿ ಶಕ್ತಿಯಲ್ಲಿ ಇಡಬೇಡಿ. ಪಿಷ್ಟದ ನೊರೆ ಏರುವುದು ಕಣ್ಣು ಮಿಟುಕಿಸುವಷ್ಟರಲ್ಲಿ. ಅರ್ಧ ಶಕ್ತಿಯಲ್ಲಿ ನಾಲ್ಕೈದು ನಿಮಿಷ ಇಟ್ಟರೆ ಉಕ್ಕದೆ ಬೇಯುತ್ತದೆ. ಯಂತ್ರದಿಂದ ಯಂತ್ರಕ್ಕೆ ವ್ಯತ್ಯಾಸವಿರುವುದರಿಂದ ಮೊದಲ ದಿನ ಒಂದು ಸಲ ಬಾಗಿಲಲ್ಲೇ ನಿಂತು ನೋಡಿ, ಸರಿಯಾದ ಸಮಯ ಸಿಕ್ಕ ಮೇಲೆ ಅದನ್ನೇ ಹಿಡಿಯಿರಿ.

3. ಗಂಟೆ ಹೊಡೆದ ಮೇಲೆ ಎರಡು ನಿಮಿಷ ಒಳಗೇ ಬಿಡಿ. ಬಟ್ಟಲು ಸುಡುತ್ತಿರುತ್ತದೆ, ಬಟ್ಟೆ ಹಿಡಿದು ತೆಗೆಯಿರಿ.

ತಿನ್ನುವ ಬಟ್ಟಲಲ್ಲೇ ಬೇಯುವುದರಿಂದ ತೊಳೆಯಲು ಇರುವುದು ಅದೊಂದೇ. ಒಬ್ಬರಿಗಾದರೆ ಇದಕ್ಕಿಂತ ಸುಲಭದ್ದು ಇಲ್ಲ. ಮೂರು ನಾಲ್ಕು ಜನಕ್ಕೆ ಬಟ್ಟಲು ಬಟ್ಟಲಾಗಿ ಮಾಡುತ್ತಾ ಹೋದರೆ ಒಲೆಯೇ ವಾಸಿ.

ಸ್ಟೀಲ್ ಕಟ್ ಇಷ್ಟಪಡುವವರಿಗೆ ರಾತ್ರಿಯ ದಾರಿ

ನುಚ್ಚಿನಂಥ ಓಟ್ಸ್‌ಗೆ ಬೆಳಿಗ್ಗೆ ಅರ್ಧ ಗಂಟೆ ಕೊಡಲಾಗದು. ರಾತ್ರಿಯೇ ಕೆಲಸ ಮಾಡಲಿ.

ಸರಳವಾದದ್ದು ನೆನೆಸುವುದು. ಒಂದು ಪಾಲು ಓಟ್ಸ್‌ಗೆ ಮೂರು ಪಾಲು ತಣ್ಣೀರು ಹಾಕಿ, ಮುಚ್ಚಿ, ಫ್ರಿಜ್‌ನಲ್ಲಿಡಿ. ಬೆಳಿಗ್ಗೆ ಅದೇ ನೀರಿನೊಂದಿಗೆ ಒಲೆಗೇರಿಸಿ ಉಪ್ಪು ಹಾಕಿದರೆ ಹತ್ತು ನಿಮಿಷದಲ್ಲಿ ಬೇಯುತ್ತದೆ.

ಇನ್ನೊಂದು ಫ್ಲಾಸ್ಕ್. ಅಗಲ ಬಾಯಿಯ, ಒಳ್ಳೆಯ ಗುಣಮಟ್ಟದ ಊಟದ ಫ್ಲಾಸ್ಕ್ ಇದ್ದವರಿಗೆ ಇದರಷ್ಟು ಹಿತವಾದ ಬೆಳಗು ಇಲ್ಲ, ಎದ್ದು ಮುಚ್ಚಳ ತಿರುಗಿಸಿದರೆ ಬಿಸಿ ಗಂಜಿ. ಆದರೆ ಇದರಲ್ಲಿ ಉದಾಸೀನ ಸಲ್ಲದು, ಹಾಗಾಗಿ ಬಿಡಿಸಿ ಹೇಳುತ್ತೇನೆ.

1. ಕುದಿಯುವ ನೀರು ಫ್ಲಾಸ್ಕ್ ತುಂಬ ಸುರಿದು ಮುಚ್ಚಿ ಹತ್ತು ನಿಮಿಷ ಬಿಡಿ. ತಣ್ಣಗಿನ ಫ್ಲಾಸ್ಕ್ ಗಂಜಿಯ ಬಿಸಿಯನ್ನು ತಾನೇ ಕುಡಿದುಬಿಡುತ್ತದೆ. ಈ ಹೆಜ್ಜೆ ಬಿಟ್ಟವರೇ ಬೆಳಿಗ್ಗೆ ಬೇಯಲಿಲ್ಲ ಎನ್ನುವುದು.

2. ಅಷ್ಟರಲ್ಲಿ ಕಾಲು ಕಪ್ ಸ್ಟೀಲ್ ಕಟ್ ಓಟ್ಸ್, ಒಂದು ಕಪ್ ನೀರು, ಉಪ್ಪು ಸೇರಿಸಿ ಪಾತ್ರೆಯಲ್ಲಿ ಕುದಿಸಿ, ಎರಡು ನಿಮಿಷ ಬೇಯಿಸಿ.

3. ಫ್ಲಾಸ್ಕ್‌ನ ನೀರು ಚೆಲ್ಲಿ, ಕುದಿಯುತ್ತಿರುವುದನ್ನು ಹಾಗೇ ಸುರಿದು ಕೂಡಲೇ ಬಿಗಿಮಾಡಿ. ಮೇಲೆ ಬಹಳ ಖಾಲಿ ಜಾಗ ಉಳಿಯಬಾರದು, ಅರ್ಧ ತುಂಬಿದ ಫ್ಲಾಸ್ಕ್ ಬೇಗ ತಣಿಯುತ್ತದೆ.

4. ಬೆಳಿಗ್ಗೆ ತೆರೆದಾಗ ಹಬೆಯಾಡುವಷ್ಟು ಬಿಸಿ ಇರಬೇಕು.

ಎಚ್ಚರಿಕೆ ಎರಡು. ಫ್ಲಾಸ್ಕ್‌ಗೆ ರಾತ್ರಿ ಹಾಲು ಹಾಕಲೇಬೇಡಿ. ಬೆಳಿಗ್ಗೆ ಉಗುರುಬೆಚ್ಚಗಷ್ಟೇ ಇದ್ದರೆ ತಿನ್ನಬೇಡಿ. ಬೆಂದ ಆಹಾರ 5ರಿಂದ 60 ಡಿಗ್ರಿ ನಡುವೆ ಗಂಟೆಗಟ್ಟಲೆ ಇದ್ದರೆ ಬ್ಯಾಕ್ಟೀರಿಯಾ ಬೆಳೆಯುತ್ತವೆ. ಧಾನ್ಯಗಳಲ್ಲಿ ಸಾಮಾನ್ಯವಾಗಿರುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಕುದಿಸಿದರೂ ಸಾಯುವುದಿಲ್ಲ. ಅದು ಬಿಟ್ಟುಕೊಡುವ ಒಂದು ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಅದಕ್ಕೇ, ರಾತ್ರಿ ಒಂದು ಕುದಿ ಕುದಿಸಿ ಪಾತ್ರೆಯನ್ನು ಒಲೆ ಮೇಲೇ ಬೆಳಗಿನವರೆಗೆ ಮುಚ್ಚಿಡುವ ವಿಧಾನವನ್ನು ಬಹಳ ಜನ ಹೊಗಳಿದರೂ ನಾನು ಹೇಳಿಕೊಡುವುದಿಲ್ಲ. ಫ್ಲಾಸ್ಕ್‌ನ ಶಕ್ತಿ ತಿಳಿಯಬೇಕೆಂದರೆ ರಾತ್ರಿ ಬರೀ ಕುದಿಯುವ ನೀರು ತುಂಬಿಸಿಟ್ಟು ಬೆಳಿಗ್ಗೆ ಅಡುಗೆಯ ಥರ್ಮಾಮೀಟರ್ ಇಟ್ಟು ನೋಡಿ. 60 ಡಿಗ್ರಿಗಿಂತ ಮೇಲಿದ್ದರೆ ಸರಿ. ಇಲ್ಲವಾದರೆ ಆ ಫ್ಲಾಸ್ಕ್‌ನಲ್ಲಿ ಚಹಾ ಕೊಂಡೊಯ್ಯಿರಿ, ಓಟ್ಸ್‌ಗೆ ಫ್ರಿಜ್‌ನ ದಾರಿ ಹಿಡಿಯಿರಿ.

ಪ್ರೆಶರ್ ಕುಕ್ಕರ್ ಬಗ್ಗೆ ಒಂದು ಮಾತು. ಸ್ಟೀಲ್ ಕಟ್ ಓಟ್ಸ್ ಅದರಲ್ಲಿ ಚೆನ್ನಾಗಿ ಬೇಯುತ್ತದೆ, ಆದರೆ ನೊರೆ ಎದ್ದು ಹಬೆ ಹೋಗುವ ಕಿಂಡಿಗೆ ಸಿಕ್ಕಿಕೊಳ್ಳುವ ಅಪಾಯವಿದೆ. ಕುಕ್ಕರ್‌ಗೆ ನೇರ ಸುರಿಯುವ ಬದಲು ಒಳಗೊಂದು ಪಾತ್ರೆಯಿಟ್ಟು, ಅರ್ಧಕ್ಕಿಂತ ಹೆಚ್ಚು ತುಂಬದೆ, ಅರ್ಧ ಚಮಚ ಎಣ್ಣೆಯನ್ನೋ ಬೆಣ್ಣೆಯನ್ನೋ ಹಾಕಿ. ಕೂಗಿದ ಮೇಲೆ ಸಣ್ಣ ಉರಿಯಲ್ಲಿ ಹತ್ತು ನಿಮಿಷ. ವೆಯ್ಟ್ ಎತ್ತಿ ಹಬೆ ಬಿಡಬೇಡಿ, ಒತ್ತಡ ತಾನಾಗಿ ಇಳಿಯಲಿ. ರೋಲ್ಡ್ ಓಟ್ಸ್‌ಗೆ ಕುಕ್ಕರ್ ಬೇಡವೇ ಬೇಡ.

ಒಂದು ದಿನ ಮಾಡಿ ಮೂರು ದಿನ ತಿನ್ನುವುದು

ಸ್ಟೀಲ್ ಕಟ್ ಮತ್ತೆ ಬಿಸಿ ಮಾಡಿದರೂ ಹದ ಕೆಡದು, ರೋಲ್ಡ್ ಸ್ವಲ್ಪ ಮೆತ್ತಗಾಗುತ್ತದೆ, ಕ್ವಿಕ್ ಓಟ್ಸ್ ಸರಿಬರುವುದಿಲ್ಲ. ಬೆಂದದ್ದನ್ನು ಎರಡು ಗಂಟೆಯೊಳಗೆ ಅಗಲವಾದ, ಆಳವಿಲ್ಲದ ಡಬ್ಬಿಗಳಿಗೆ ಹಂಚಿ ಫ್ರಿಜ್‌ಗೆ ಸೇರಿಸಿ. ದೊಡ್ಡ ಪಾತ್ರೆ ಸಮೇತ ಇಟ್ಟರೆ ನಡುಭಾಗ ತಣಿಯಲು ಬಹಳ ಹೊತ್ತು ಬೇಕು. ಮೂರು, ಹೆಚ್ಚೆಂದರೆ ನಾಲ್ಕು ದಿನದಲ್ಲಿ ಮುಗಿಸಿ. ತೆಗೆದಾಗ ಇಟ್ಟಿಗೆಯಂತೆ ಕಂಡರೂ ಕಾಲು ಕಪ್ ನೀರು ಹಾಕಿ ಒಳಗಿನವರೆಗೂ ಹಬೆಯಾಡುವ ಹಾಗೆ ಬಿಸಿ ಮಾಡಿದರೆ ಸಡಿಲಾಗುತ್ತದೆ. ಆ ದಿನ ತಿನ್ನುವಷ್ಟನ್ನೇ ಬಿಸಿ ಮಾಡಿ.

ರುಚಿಗೆ

ಇಲ್ಲಿ ನಿಯಮ ಕಡಿಮೆ. ಕಳಿತ ಬಾಳೆಹಣ್ಣು ಕಿವುಚಿ ಹಾಕಿದರೆ ಸಕ್ಕರೆ ಬೇಕಾಗುವುದಿಲ್ಲ. ಸೇಬು ತುರಿದು ಓಟ್ಸ್ ಜೊತೆಗೇ ನೀರಿಗೆ ಹಾಕಬಹುದು. ಒಣದ್ರಾಕ್ಷಿಯನ್ನು ಮುಚ್ಚಿಡುವ ಮುಂಚೆ ಸೇರಿಸಿದರೆ ಊದಿ ರಸ ತುಂಬಿಕೊಳ್ಳುತ್ತದೆ. ಬಾದಾಮಿ, ಶೇಂಗಾ ಮಾತ್ರ ತಿನ್ನುವಾಗಲೇ, ಇಲ್ಲದಿದ್ದರೆ ಗರಿಗರಿ ಹೋಗುತ್ತದೆ. ಹುಳಿ ಹಣ್ಣು, ಬಿಸಿ ಹಾಲು ಒಟ್ಟಿಗೆ ಬಿದ್ದರೆ ಹಾಲು ಒಡೆಯಬಹುದು, ಒಂದನ್ನು ಆರಿಸಿಕೊಳ್ಳಿ. ಸಿಹಿ ಒಲ್ಲದವರು ಉಪ್ಪು, ಕಾಳುಮೆಣಸಿನ ಪುಡಿ, ಒಂದು ಚಮಚ ಬೆಣ್ಣೆ, ಮೇಲೊಂದು ಬೇಯಿಸಿದ ಮೊಟ್ಟೆ ಇಟ್ಟು ನೋಡಿ.

ವಾರದ ರಜೆಯಲ್ಲಿ ಐದು ನಿಮಿಷ ಬಿಡುವಿದ್ದರೆ ಒಂದು ಕೆಲಸ ಮಾಡಿ. ವಾರಕ್ಕೆ ಬೇಕಾದಷ್ಟು ಓಟ್ಸ್ ಅನ್ನು ಒಣ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಘಮ್ಮೆನ್ನುವವರೆಗೆ ಹುರಿದು, ಪೂರ್ತಿ ಆರಿದ ಮೇಲೆ ಡಬ್ಬಿಗೆ ತುಂಬಿ. ಸಪ್ಪೆ ಎಂದು ಮೂಗು ಮುರಿಯುವವರೂ ಇದನ್ನು ಬೇಡ ಎನ್ನುವುದಿಲ್ಲ. ಬಿಸಿ ಇರುವಾಗಲೇ ಮುಚ್ಚಿದರೆ ಒಳಗೆ ಬೆವರಿ ಮುಗ್ಗುತ್ತದೆ.

ಆರೋಗ್ಯದ ಬಗ್ಗೆ ಕೇಳುವವರಿಗೆ

ಮೇಲೆ ಹೇಳಿದ ಲೋಳೆ, ಬೀಟಾ ಗ್ಲೂಕನ್, ರಕ್ತದ ಕೊಲೆಸ್ಟರಾಲ್ ಇಳಿಸಲು ನೆರವಾಗುತ್ತದೆ. ದಿನಕ್ಕೆ 3 ಗ್ರಾಂ ಎಂಬ ಲೆಕ್ಕದ ಮೇಲೆ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 1997ರಲ್ಲಿ, ಇದರಿಂದ ಹೃದ್ರೋಗದ ಅಪಾಯ ಕಡಿಮೆಯಾಗಬಹುದು ಎಂಬ ಮಾತನ್ನು ಪೊಟ್ಟಣದ ಮೇಲೆ ಅಚ್ಚು ಹಾಕಲು ಒಪ್ಪಿಗೆ ಕೊಟ್ಟಿತು. ನಮ್ಮ 40 ಗ್ರಾಂ ಬಟ್ಟಲಲ್ಲಿ ಸಿಗುವುದು ಒಂದೂವರೆಯಿಂದ ಎರಡು ಗ್ರಾಂ, ಅಂದರೆ ಒಂದು ಬಟ್ಟಲಿಗೆ ಲೆಕ್ಕ ತುಂಬುವುದಿಲ್ಲ. ನಾರಿನಂಶ ತಿಂದು ಅಭ್ಯಾಸವಿಲ್ಲದವರು ಮೊದಲ ವಾರ ಅರ್ಧ ಅಳತೆಯಲ್ಲಿ ಶುರು ಮಾಡಿ, ಇಲ್ಲದಿದ್ದರೆ ಹೊಟ್ಟೆ ಉಬ್ಬರಿಸುತ್ತದೆ.

ಗೋಧಿ, ಬಾರ್ಲಿಯಲ್ಲಿರುವ ಗ್ಲೂಟನ್ ಎಂಬ ಪ್ರೋಟೀನು ಆಗದ ಸೀಲಿಯಾಕ್ ರೋಗ ಇರುವವರು ಮಾಮೂಲಿ ಓಟ್ಸ್ ಕೊಳ್ಳಬಾರದು. ಹೊಲದಲ್ಲೋ ಗಿರಣಿಯಲ್ಲೋ ಗೋಧಿ, ಬಾರ್ಲಿ ಬೆರೆತಿರುತ್ತವೆ. ಗ್ಲೂಟನ್ ರಹಿತ ಎಂದು ಬರೆದದ್ದೇ ಆಗಬೇಕು, ಅದನ್ನೂ ವೈದ್ಯರನ್ನು ಕೇಳಿಯೇ ಶುರು ಮಾಡಬೇಕು. ಓಟ್ಸ್‌ನದೇ ಪ್ರೋಟೀನಾದ ಅವೆನಿನ್ ಕೂಡ ಕೆಲವರಿಗೆ ಒಗ್ಗುವುದಿಲ್ಲ. ಒಂದು ವರ್ಷ ತುಂಬದ ಮಗುವಿನ ಬಟ್ಟಲಿಗೆ ಜೇನುತುಪ್ಪ ಹಾಕಬಾರದು, ಅದರಲ್ಲಿ ಇರಬಹುದಾದ ಬಾಟ್ಯುಲಿಸಂ ಎಂಬ ವಿಷಬಾಧೆ ತರುವ ಬ್ಯಾಕ್ಟೀರಿಯಾದ ಬೀಜಕಣಗಳನ್ನು ಎಳೆಯ ಕರುಳು ತಡೆಯಲಾರದು. ಇಡೀ ಬೀಜಗಳೂ ಚಿಕ್ಕ ಮಕ್ಕಳಿಗೆ ಬೇಡ, ಗಂಟಲಲ್ಲಿ ಸಿಕ್ಕಿಕೊಳ್ಳುತ್ತವೆ. ಪುಡಿ ಮಾಡಿ ಬೆರೆಸಿ.